ತೊಂಬತ್ತನೆಯ ದಿನದ ಭೇಟಿ

ಮೊನ್ನೆ ಮೂಡಿಗೆರೆಯ ಅಣ್ಣನ ಮನೆಗೆ ಹೋದವಳು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ಅತ್ತಿಗೆ ನೆಲನೆಲ್ಲಿ ಅರೆಯುತ್ತಿದ್ದರು. ಬೇರುಸಹಿತ ಕಿತ್ತು ತಂದ ಹಸಿ ಗಿಡ, ಪಕ್ಕದಲ್ಲಿ ಒಂದು ಲೋಟ ಮಜ್ಜಿಗೆ. ಮಣ್ಣು, ಕಹಿ, ಹುಳಿ ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿಯಿತು. ಅಣ್ಣನ ಮಗಳಿಗೆ ಕಾಮಾಲೆಯಂತೆ, ನಾಲ್ಕು ದಿನವಾಯಿತಂತೆ.

"ರಕ್ತ ಪರೀಕ್ಷೆ ಮಾಡಿಸಿದ್ರಾ?" ಎಂದೆ. ಎಂದೆ ಅನ್ನುವುದು ತಪ್ಪು, ಕಿರುಚಿದೆ.

"ಇದೆಂತ ಮಾರಾಯ್ತಿ, ಮದ್ದು ಕಂಡ್ರೆ ಹಾವು ತುಳಿದೋರ ಹಂಗೆ ಆಡ್ತೀಯ! ಚಿಕ್ಕೋಳಿದ್ದಾಗ ನಿಂಗೂ ಇದನ್ನೇ ಕುಡಿಸಿದ್ದಲ್ವ?" ಎಂದರು ಅತ್ತಿಗೆ.

ಕುಡಿಸಿದ್ದು ಹೌದು. ವಾಸಿಯಾಗಿದ್ದೂ ಹೌದು. ನಾನು ಆ ಹುಡುಗಿಯ ಕೈ ಹಿಡಿದು ಎಳೆದುಕೊಂಡು ಹೋಗಿ ಅವತ್ತೇ ರಕ್ತ ಕೊಡಿಸಿ ಬಂದೆ. ನೀರಿನಿಂದ ಬಂದ ಮಾಮೂಲಿ ಕಾಮಾಲೆ, ಹೆದರುವುದೇನಿಲ್ಲ ಎಂದರು ಅಲ್ಲಿನ ಡಾಕ್ಟರು. ಅತ್ತಿಗೆ ಎರಡು ದಿನ ನನ್ನೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ಅವರದ್ದೇನೂ ತಪ್ಪಿಲ್ಲ. ಅವರ ಅಡುಗೆಮನೆಯಲ್ಲಿ ನಿಂತು ನಾನು ಕಿರುಚಿದ್ದು ಅವರ ಮೇಲಲ್ಲ ಎಂದು ಹೇಳಬೇಕೆಂದರೆ ಒಂದು ವರ್ಷದ ಕಥೆಯನ್ನೇ ಹೇಳಬೇಕಾಗುತ್ತಿತ್ತು.

ಕೊರೋನಾ ಕಳೆದು ಜನ ಮಾಸ್ಕು ಬಿಸಾಡಿದ ಮೇಲಿನ ವರ್ಷ ಅದು. ನಾನು ನರ್ಸಿಂಗ್ ಓದಿದವಳು. ಎರಡು ವರ್ಷ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿ, ಮದುವೆಯಾದ ಮೇಲೆ ಹನ್ನೆರಡು ವರ್ಷ ಗಂಡನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತು ಪೈಪು, ನಲ್ಲಿ, ಮೊಳೆ ಮಾರಿದ್ದೆ. ಘಟ್ಟದ ಕೆಳಗಿನ ಒಂದು ದೊಡ್ಡ ಆಸ್ಪತ್ರೆಯವರು ಒಂದು ವರ್ಷದ ಅಧ್ಯಯನಕ್ಕೆ ಮಲೆನಾಡಿನ ಕಡೆಯ ಒಬ್ಬರು ಬೇಕು ಎಂದಾಗ, ಅಂಗಡಿಯಿಂದ ತಪ್ಪಿಸಿಕೊಂಡರೆ ಸಾಕು ಎಂದು ಅರ್ಜಿ ಹಾಕಿದೆ. ಕೆಲಸ ಇಷ್ಟೇ. ಪಿತ್ತಕೋಶದಲ್ಲಿ ಕಲ್ಲಾಗಿ ಅಲ್ಲಿ ಆಪರೇಷನ್ ಮಾಡಿಸಿಕೊಂಡು ಹೋದವರನ್ನು ಮೂವತ್ತನೆಯ ದಿನ, ತೊಂಬತ್ತನೆಯ ದಿನ, ಮತ್ತು ವರ್ಷ ತುಂಬಿದಾಗ ಮಾತಾಡಿಸಬೇಕು. ಫೋನ್ ಸಿಗುವವರಿಗೆ ಫೋನು, ಸಿಗದವರ ಮನೆಗೆ ನಾನು.

ಅಧ್ಯಯನ ನಡೆಸುತ್ತಿದ್ದ ಸರ್ಜನ್ ಪ್ರಸನ್ನ ಎಂಬವರು. ಐವತ್ತರ ಆಸುಪಾಸಿನ, ಸಣ್ಣ ದನಿಯ ಮನುಷ್ಯ. ಮೊದಲ ದಿನವೇ ಹೇಳಿದರು, "ನೋಡಿ ಗಿರಿಜಾ, ನಾವು ಆಪರೇಷನ್ ಮಾಡಿ ಮನೆಗೆ ಕಳಿಸ್ತೀವಿ. ತೊಂದರೆ ಆಗಿ ವಾಪಸ್ ಬಂದವರ ವಿಷಯ ಮಾತ್ರ ನಮಗೆ ಗೊತ್ತಾಗೋದು. ಬರದೇ ಇದ್ದವರೆಲ್ಲ ಚೆನ್ನಾಗಿದ್ದಾರೆ ಅಂತ ನಾವೇ ಅಂದ್ಕೊಂಡು ಬರೆದುಬಿಡ್ತೀವಿ. ನಿಜವಾಗಿ ಚೆನ್ನಾಗಿದ್ದಾರಾ, ಅಷ್ಟು ನೋಡ್ಕೊಂಡು ಬನ್ನಿ."

ಅಷ್ಟು ನೋಡಿಕೊಂಡು ಬರುವುದಕ್ಕೆ ನನಗೊಂದು ಟ್ಯಾಬು ಕೊಟ್ಟರು. ಅದರಲ್ಲಿ ಪ್ರಶ್ನೆಗಳ ಒಂದು ಪಟ್ಟಿ. ಗಾಯದಲ್ಲಿ ಕೀವು ಬಂದಿತೇ, ಜ್ವರ ಬಂದಿತೇ, ಹೊಟ್ಟೆನೋವು ಇದೆಯೇ, ಮತ್ತೆ ಆಸ್ಪತ್ರೆಗೆ ಸೇರಿದ್ದಿರೇ. ಹನ್ನೊಂದನೆಯದು, 'ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ ಕಾಮಾಲೆ'. ಎದುರಿಗೆ ಹೌದು, ಇಲ್ಲ ಎಂಬ ಎರಡು ಚೌಕ. ಕೊನೆಗೆ ಷರಾ ಬರೆಯಲು ಒಂದಿಷ್ಟು ಜಾಗ. ಅರ್ಧ ದಿನದ ತರಬೇತಿ ಕೊಟ್ಟು ಘಟ್ಟ ಹತ್ತಿಸಿದರು.

ಮೊದಲ ತಿಂಗಳುಗಳು ಮಜವಾಗಿಯೇ ಇದ್ದವು. ಆಸ್ಪತ್ರೆಯವರು ಹೊರತೆಗೆದ ಕಲ್ಲುಗಳನ್ನು ಸಣ್ಣ ಬಾಟಲಿಯಲ್ಲಿ ಹಾಕಿ ಕೊಡುತ್ತಿದ್ದರಲ್ಲ, ನಮ್ಮ ಜನ ಅದನ್ನು ಎಲ್ಲಿಟ್ಟಿದ್ದಾರೆ ಎಂದು ನೋಡುವುದೇ ನನಗೊಂದು ಚಾಳಿಯಾಯಿತು. ಹೊರನಾಡಿನಲ್ಲಿ ಲಾಡ್ಜ್ ನಡೆಸುವ ಒಬ್ಬರು ಅದನ್ನು ಕೌಂಟರಿನ ಮೇಲೇ ಇಟ್ಟು ರೂಮು ಕೇಳಿ ಬಂದವರಿಗೆಲ್ಲ ತೋರಿಸುತ್ತಿದ್ದರು. ಬಾಳೂರಿನ ಎಸ್ಟೇಟ್ ಸಾಹುಕಾರರೊಬ್ಬರಿಗೆ, "ಹೊಟ್ಟೆನೋವು ಇದೆಯಾ ಸಾರ್?" ಎಂದರೆ, "ನಿನ್ನೆ ಎರಡೂವರೆ ಇಂಚು ಬಿತ್ತು ನೋಡಿ," ಎಂದು ಮಳೆಯ ಲೆಕ್ಕ ಶುರು ಮಾಡುತ್ತಿದ್ದರು. ನಡುನಡುವೆ ನಾನೇ ಅವರ ಹೊಟ್ಟೆಯನ್ನು ಹುಡುಕಿ ತೆಗೆಯಬೇಕಿತ್ತು. ಇನ್ನು ಉಳಿದವರಲ್ಲಿ ಹೆಚ್ಚಿನವರು, ಆಸ್ಪತ್ರೆಯಿಂದ ಇಷ್ಟು ದೂರ ಬಂದವಳ ಮುಂದೆ ಕಷ್ಟ ಹೇಳಿಕೊಂಡರೆ ಮರ್ಯಾದೆಯಲ್ಲ ಎಂದು, ನಾನು ಕೇಳುವ ಮೊದಲೇ "ಆರಾಮಿದ್ದೀವಿ ಸಿಸ್ಟರ್" ಎಂದುಬಿಡುತ್ತಿದ್ದರು. ನಾನು ಗದರಿಸುತ್ತಿದ್ದೆ. "ಆರಾಮು ಅಂತ ಬರ್ಕೊಳ್ಳೋದಕ್ಕೆ ಜೀಪಲ್ಲಿ ಸೊಂಟ ಮುರ್ಕೊಂಡು ಬರ್ಬೇಕಿತ್ತಾ ನಾನು? ಸರಿಯಾಗಿ ಹೇಳಿ," ಎನ್ನುತ್ತಿದ್ದೆ. ಬಾಯಿ ಬಿಡಿಸುವುದರಲ್ಲಿ ನಾನು ಗಟ್ಟಿಗಿತ್ತಿ ಎಂಬ ಜಂಬವೂ ಇತ್ತು.

ಲಲಿತಕ್ಕನ ಬಾಯಿ ಬಿಡಿಸುವ ಅಗತ್ಯವೇ ಇರಲಿಲ್ಲ. ಸಂಸೆಯಿಂದ ಮೇಲೆ, ಜೀಪು ಹೋಗುವ ಕಡೆಯ ತಿರುವಿನಲ್ಲಿ ಅವರ ಮನೆ. ವಯಸ್ಸು ನಲವತ್ತನಾಲ್ಕು. ಗಂಡ ಸುರೇಶಗೌಡರು ಕಳಸಕ್ಕೆ ಬಾಡಿಗೆ ಜೀಪು ಓಡಿಸುತ್ತ ಸ್ವಲ್ಪ ಕಾಫಿ ಮಾಡಿಕೊಂಡಿದ್ದರು. ಲಲಿತಕ್ಕ ಮನೆಯ ಹಿಂದೆ ಕಾಫಿ ಸಸಿ, ಮೆಣಸಿನ ಬಳ್ಳಿಯ ನರ್ಸರಿ ಮಾಡಿದ್ದರು. ಮಗಳೊಬ್ಬಳು ಮದುವೆಯಾಗಿ ಕೊಪ್ಪದಲ್ಲಿದ್ದಳು. ಮೇ ತಿಂಗಳ ಕೊನೆಯಲ್ಲಿ ಲಲಿತಕ್ಕನಿಗೆ ಆಪರೇಷನ್ ಆಗಿತ್ತು. ಮೂವತ್ತನೆಯ ದಿನ ನಾನು ಹೋದಾಗ ತಗಡಿನ ಶೆಡ್ಡಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಪ್ಪು ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುತ್ತಿದ್ದರು. ಬೈದೆ.

"ಭಾರ ಎತ್ಬಾರ್ದು ಅಂದಿದ್ರು, ಕೂತು ಮಣ್ಣು ತುಂಬ್ಬಾರ್ದು ಅಂದಿರ್ಲಿಲ್ಲ," ಎಂದರು. ಆಮೇಲೆ ಸೆರಗು ಸರಿಸಿ ಹೊಟ್ಟೆ ತೋರಿಸಿದರು. ನಾಲ್ಕು ಸಣ್ಣ ಗಾಯ, ಚೆನ್ನಾಗಿ ಒಣಗಿದ್ದವು. "ನೋಡಿ, ಯಾರೋ ರಂಗೋಲಿಗೆ ಅಂತ ನಾಲ್ಕು ಚುಕ್ಕಿ ಇಟ್ಟು ಎದ್ದು ಹೋದಂಗಿದೆ."

ನಗುತ್ತಲೇ ಎಲ್ಲದಕ್ಕೂ 'ಇಲ್ಲ' ಒತ್ತಿದೆ. ಅವತ್ತು ಅದು ನಿಜವಾಗಿತ್ತು. ಅವರ ಮನೆಯಲ್ಲಿ ಊಟ ಮಾಡಿದೆ. ಹೊರಡುವಾಗ ಒಂದು ಮೆಣಸಿನ ಬಳ್ಳಿಯನ್ನು ಚೀಲದ ಸಮೇತ ಕೈಗಿಟ್ಟರು. ಅಂಗಡಿಯ ಹಿಂದೆ ನೆಟ್ಟೆ, ಹತ್ತೇ ದಿನಕ್ಕೆ ಸತ್ತುಹೋಯಿತು. ಮುಂದಿನ ಸಲ ಕೇಳಿದರೆ ಏನು ಹೇಳುವುದು ಎಂಬುದೇ ಆಗಿನ ನನ್ನ ದೊಡ್ಡ ಚಿಂತೆ.

ಆಗಸ್ಟಿನಲ್ಲಿ ಸಂಸೆ ಕಡೆ ಕಾಮಾಲೆ ಹಬ್ಬಿತು. ಮೇಲಿನ ಹಳ್ಳದಿಂದ ಪೈಪು ಹಾಕಿಕೊಂಡು ನೀರು ಬಳಸುತ್ತಿದ್ದ ಮನೆಗಳಲ್ಲಿ ಶುರುವಾಗಿ ಶಾಲೆಯ ಮಕ್ಕಳಿಗೆಲ್ಲ ಬಂತು. ಆ ದಾರಿಯಲ್ಲಿ ಯಾವ ಮನೆಗೆ ಹೋದರೂ ಹಳದಿ ಕಣ್ಣಿನ ಒಂದು ಮಗು ಉಪ್ಪಿಲ್ಲದ ಗಂಜಿಯ ತಟ್ಟೆ ಮುಂದಿಟ್ಟುಕೊಂಡು ಅಳುತ್ತಿತ್ತು. ಎಲ್ಲರೂ ಮದ್ದು ತರುತ್ತಿದ್ದುದು ಬಾಳೂರಿನ ಹತ್ತಿರದ ಒಂದು ಮನೆಯಿಂದ. ಅವರು ತಲೆಮಾರಿನಿಂದ ಕಾಮಾಲೆಗೆ ಮದ್ದು ಕೊಡುವವರು. ಒಂದು ತೆಂಗಿನಕಾಯಿ ಬಿಟ್ಟರೆ ಬೇರೇನೂ ತೆಗೆದುಕೊಳ್ಳುವುದಿಲ್ಲ. ಬರಿಹೊಟ್ಟೆಯಲ್ಲಿ ಮೂರು ದಿನ ಮದ್ದು, ಆಮೇಲೆ ಇಪ್ಪತ್ತೊಂದು ದಿನ ಉಪ್ಪು, ಎಣ್ಣೆ, ಖಾರ ಬಿಟ್ಟು ಪಥ್ಯ. ಪಥ್ಯದಲ್ಲಿರುವಾಗ ಇಂಗ್ಲಿಷ್ ಔಷಧಿ ತೆಗೆದುಕೊಳ್ಳಬಾರದು, ಮೈಗೆ ಸೂಜಿ ತಾಗಿಸಬಾರದು. ನನಗೆ ಹತ್ತು ವರ್ಷವಾಗಿದ್ದಾಗ ಅಪ್ಪ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಅದೇ ಮನೆಯಲ್ಲಿ ಕುಡಿಸಿದ್ದರು. ಆ ಮಕ್ಕಳೂ ನನ್ನ ಹಾಗೆಯೇ ಮೂರ್ನಾಲ್ಕು ವಾರಕ್ಕೆ ಗುಣವಾದರು. ಆ ಜಾತಿಯ ಕಾಮಾಲೆ ಹೆಚ್ಚಿನವರಲ್ಲಿ ಸುಮ್ಮನೆ ಬಿಟ್ಟರೂ ಇಳಿಯುತ್ತದೆ ಎಂದು ನರ್ಸಿಂಗಿನಲ್ಲಿ ಓದಿದ್ದೆ. ಓದಿದ್ದು ಪರೀಕ್ಷೆಗೆ, ನಂಬಿದ್ದು ಅಪ್ಪನ ಸ್ಕೂಟರನ್ನು.

ತೊಂಬತ್ತನೆಯ ದಿನಕ್ಕೆ ಲಲಿತಕ್ಕನ ಮನೆಗೆ ಹೋದೆ. ಮಳೆ ಜೋರಿತ್ತು, ಆದರೆ ಅವಸರವೇನೂ ಇರಲಿಲ್ಲ. ಅವತ್ತು ಅದೊಂದೇ ಮನೆ. ಅವಸರವಿತ್ತು ಎಂದು ಹೇಳಿಕೊಳ್ಳುವ ಅವಕಾಶವೂ ನನಗಿಲ್ಲ.

ಲಲಿತಕ್ಕ ಒಲೆಯ ಪಕ್ಕ ಮಣೆಯ ಮೇಲೆ ಕೂತು ಬಾಚಣಿಗೆಯಿಂದ ಮುಂಗೈ ಕೆರೆದುಕೊಳ್ಳುತ್ತಿದ್ದರು. ಕಣ್ಣು ಹಳದಿಯಾಗಿತ್ತು.

"ಬನ್ನಿ ಸಿಸ್ಟರ್. ಈ ಸಲ ನಿಮ್ಗೆ ಇವ್ರು ಮಾಡಿದ ಕಾಫಿನೇ ಗತಿ. ನಾನು ಪಥ್ಯದಲ್ಲಿದೀನಿ," ಎಂದರು.

"ಕಾಮಾಲೆನಾ?"

"ಹೂಂ. ಊರಿಗೆಲ್ಲ ಬಂದದ್ದು ನನ್ನ ಬಿಡತ್ತಾ?"

ಗೌಡರು ಕಾಫಿ ತಂದರು. "ಬಾಳೂರಿಂದ ಮದ್ದು ತಂದಾಯ್ತು. ಮೂರು ದಿನದ್ದು ಮುಗೀತು. ಇವತ್ತಿಗೆ ಪಥ್ಯ ಐದನೇ ದಿನ."

ಎಷ್ಟಾದರೂ ನರ್ಸು, ಒಂದು ಮಾತು ಹೇಳಿದೆ. "ಒಂದ್ಸಲ ರಕ್ತ ತೋರ್ಸಿದ್ರೆ ಆಗ್ತಿತ್ತು ಗೌಡ್ರೆ."

"ಸೂಜಿ ತಾಗಿಸೋ ಹಂಗಿಲ್ಲ ಅಂದಿದಾರೆ. ಪಥ್ಯ ಮುಗೀಲಿ, ನೋಡಣ."

ಸರಿ ಎಂದು ಸುಮ್ಮನಾದೆ. ಪಥ್ಯ ಮುರಿಸಿದ ಪಾಪ ನನಗೇಕೆ ಎಂದೂ ಅನಿಸಿರಬೇಕು. ಆಗ ಲಲಿತಕ್ಕ ಬಾಚಣಿಗೆ ಕೆಳಗಿಟ್ಟು ನನ್ನನ್ನೇ ನೋಡಿ ಕೇಳಿದರು, "ಸಿಸ್ಟರ್, ಈ ತುರಿಕೆ ಎಂತಕ್ಕೆ? ನಿದ್ದೆ ಮಾಡಕ್ಕೆ ಬಿಡಲ್ಲ. ಆ ಶಾಲೆ ಮಕ್ಳು ಯಾರೂ ಹಿಂಗೆ ಕೆರ್ಕೊಂಡಿದ್ದು ನಾ ಕಾಣೆ."

ಪ್ರಶ್ನೆ ನನ್ನ ಪಟ್ಟಿಯಲ್ಲಿರಲಿಲ್ಲ. ಇದ್ದ ಪ್ರಶ್ನೆಗಳಿಗಿಂತ ಅದು ಒಳ್ಳೆಯ ಪ್ರಶ್ನೆಯಾಗಿತ್ತು. ನಾನು ಕಾಫಿ ಗುಟುಕರಿಸುತ್ತ ಹೇಳಿದೆ, "ಪಿತ್ತ ಏರಿದಾಗ ತುರಿಕೆ ಇರತ್ತೆ ಲಲಿತಕ್ಕ. ಒಳ್ಳೆ ಮದ್ದು ಅದು. ನಾನೂ ಕುಡಿದೋಳೇ. ಪಥ್ಯ ಮಾತ್ರ ಬಿಡ್ಬೇಡಿ."

ಅವರು ತಲೆಯಾಡಿಸಿದರು. ನಾನು ಟ್ಯಾಬು ತೆಗೆದು ಹನ್ನೊಂದನೆಯ ಪ್ರಶ್ನೆಗೆ ಬಂದಾಗ ಒಂದು ಕ್ಷಣ ಯೋಚಿಸಿದೆ. ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ ಕಾಮಾಲೆ. ಇದು ಹಳ್ಳದ ನೀರಿಗೆ ಸಂಬಂಧಿಸಿದ್ದು. 'ಇಲ್ಲ' ಒತ್ತಿದೆ. ಷರಾದಲ್ಲಿ 'ನೀರಿನಿಂದ ಕಾಮಾಲೆ, ನಾಟಿ ಔಷಧಿ ನಡೆಯುತ್ತಿದೆ' ಎಂದು ಬರೆದೆ. ಷರಾ ಬರೆಯುವ ಶಿಸ್ತು ನನ್ನೊಬ್ಬಳಿಗೇ ಇದೆ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ. ಮೆಣಸಿನ ಬಳ್ಳಿಯ ವಿಷಯ ಅವರು ಕೇಳಲಿಲ್ಲ, ನನಗೆ ಅದೇ ಸಮಾಧಾನ.

ತೊಂಬತ್ತನೆಯ ದಿನ ಕಳೆದರೆ ನಮ್ಮ ಪಟ್ಟಿಯಲ್ಲಿ ಆ ಹೆಸರು ಮತ್ತೆ ಬರುವುದು ವರ್ಷ ತುಂಬಿದಾಗಲೇ. ನಾನು ಬೇರೆ ಹೆಸರುಗಳ ಹಿಂದೆ ಹೋದೆ.

ಡಿಸೆಂಬರಿನಲ್ಲಿ ಕಾಫಿ ಕುಯ್ಲು ಶುರುವಾಗಿ, ರಸ್ತೆಯಲ್ಲೆಲ್ಲ ಆಳುಗಳನ್ನು ತುಂಬಿಕೊಂಡ ಜೀಪುಗಳು ಓಡಾಡುತ್ತಿದ್ದಾಗ ನನ್ನನ್ನು ಆಸ್ಪತ್ರೆಗೆ ಕರೆಸಿದರು. ಅರ್ಧ ವರ್ಷದ ಮಾಹಿತಿಯನ್ನು ಒಟ್ಟಿಗೆ ಕೂತು ನೋಡುವ ಸಭೆ. ಮಾಹಿತಿ ನೋಡಿಕೊಳ್ಳುವ ಕೋಆರ್ಡಿನೇಟರ್ ಹುಡುಗಿ ಪರದೆಯ ಮೇಲೆ ಒಂದೊಂದೇ ಸಾಲು ಸರಿಸುತ್ತಿದ್ದಳು. ಪ್ರಸನ್ನ ಡಾಕ್ಟರು ಟೀ ಕುಡಿಯುತ್ತ ಓದುತ್ತಿದ್ದರು. ಒಂದು ಕಡೆ, "ನಿಲ್ಲಿಸಿ" ಎಂದರು.

"ಈ ಷರಾ ಬರೆದಿದ್ದು ಯಾರು?"

"ನಾನು ಸಾರ್." ಹೊಗಳುತ್ತಾರೆ ಎಂದೇ ಅಂದುಕೊಂಡೆ.

"ತುರಿಕೆ ಇತ್ತಾ ಅವರಿಗೆ?"

"ಇತ್ತು ಸಾರ್."

"ಮಲ ಬಿಳಿಚಿಕೊಂಡಿತ್ತಾ?"

"ಕೇಳಲಿಲ್ಲ ಸಾರ್."

ಲೋಟ ಮೇಜಿನ ಮೇಲಿಟ್ಟರು. ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಒಂದು ಹಾಳೆ ತೆಗೆದುಕೊಂಡು ಚಿತ್ರ ಬರೆದು ತೋರಿಸಿದರು. ಪಿತ್ತಕೋಶದ ಕುತ್ತಿಗೆಗೆ ಸಣ್ಣ ಲೋಹದ ಕ್ಲಿಪ್ಪು ಹಾಕಿ ಕತ್ತರಿಸಿ ತೆಗೆಯುತ್ತಾರೆ. ಅದರ ಮಗ್ಗುಲಲ್ಲೇ ಯಕೃತ್ತಿನಿಂದ ಕರುಳಿಗೆ ಪಿತ್ತ ಇಳಿಯುವ ದೊಡ್ಡ ನಾಳ. ಅಪರೂಪಕ್ಕೆ, ಎಷ್ಟೇ ಜೋಪಾನ ಮಾಡಿದರೂ, ಆ ನಾಳಕ್ಕೆ ಪೆಟ್ಟಾಗುತ್ತದೆ. ಆಗ ಗೊತ್ತಾಗುವುದಿಲ್ಲ. ಪೆಟ್ಟಾದ ಜಾಗ ವಾರಗಟ್ಟಲೆ ನಿಧಾನಕ್ಕೆ ಮುದುಡಿಕೊಳ್ಳುತ್ತ ಬಂದು ನಾಳ ಕಟ್ಟಿಕೊಳ್ಳುತ್ತದೆ. ಪಿತ್ತ ಕೆಳಗಿಳಿಯಲಾರದೆ ರಕ್ತಕ್ಕೆ ಸೇರುತ್ತದೆ. ಹನ್ನೆರಡು ವರ್ಷ ಪೈಪು ಮಾರಿದವಳಿಗೆ ಇದನ್ನು ಎರಡನೆಯ ಸಲ ವಿವರಿಸಬೇಕಾಗಿರಲಿಲ್ಲ.

"ಬೇಗ ಸಿಕ್ಕಿದ್ರೆ ಸರಿಮಾಡಬಹುದು," ಎಂದರು. ಆಮೇಲೆ ಪರದೆಯ ಕಡೆ ನೋಡುತ್ತ, "ಇವರನ್ನ ನಾನೇ ಆಪರೇಟ್ ಮಾಡಿದ್ದು," ಎಂದರು.

ಸಂಸೆಯ ಒಂದು ಅಂಗಡಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದೆವು. ಕರೆತರಲು ನಾನೇ ಹೋಗುತ್ತೇನೆ ಎಂದೆ. ಹೊರಡುವ ಮೊದಲು ಕೋಆರ್ಡಿನೇಟರ್ ಹುಡುಗಿ ಟ್ಯಾಬು ಹಿಡಿದು ಬಂದಳು. ಹನ್ನೊಂದನೆಯ ಉತ್ತರವನ್ನು ಬರೆದವರೇ ತಿದ್ದಬೇಕಂತೆ. 'ಇಲ್ಲ' ತೆಗೆದು 'ಹೌದು' ಒತ್ತಿದ ಕೂಡಲೇ ತಿದ್ದುಪಡಿಗೆ ಕಾರಣ ಕೇಳಿತು. ಮೂರು ಆಯ್ಕೆ. ಟೈಪಿಂಗ್ ದೋಷ. ರೋಗಿಯಿಂದ ತಪ್ಪು ಮಾಹಿತಿ. ಇತರೆ, ವಿವರಿಸಿ.

"ಎರಡನೇದು ಒತ್ತಿ ಮೇಡಂ. 'ಇತರೆ' ಅಂದ್ರೆ ಒಂದು ಪುಟ ಬರೀಬೇಕು, ಅದು ಸಮಿತಿಗೆ ಹೋಗತ್ತೆ," ಎಂದಳು ಹುಡುಗಿ.

ಎರಡನೆಯದನ್ನು ಒತ್ತಿದೆ. ಬಸ್ಸಿಗೆ ಹೊತ್ತಾಗುತ್ತಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಒಮ್ಮೆ ಕೊಟ್ಟ ಕಾರಣವನ್ನು ಬದಲಿಸಲು ಬರುವುದಿಲ್ಲ, ಅದು ಇವತ್ತಿಗೂ ಹಾಗೇ ಇದೆ.

ಮನೆಯ ಮುಂದಿನ ಬಿಸಿಲಿನಲ್ಲಿ, ಒಣಹಾಕಿದ ಕಾಫಿಯ ಪಕ್ಕ ಲಲಿತಕ್ಕ ಶಾಲು ಹೊದ್ದು ಕೂತಿದ್ದರು. ಗುರುತು ಹತ್ತಲಿಲ್ಲ. ಮೈ ಅರ್ಧಕ್ಕರ್ಧ ಇಳಿದಿತ್ತು. ಹಳದಿ ಬಣ್ಣ ಕಪ್ಪಿಗೆ ತಿರುಗಿ ಪಾಚಿಯಂತಾಗಿತ್ತು. ಕೈಕಾಲಿನ ತುಂಬ ಕೆರೆದ ಗಾಯ. ಮದ್ದು ಎರಡನೆಯ ಸಲವೂ ಆಗಿತ್ತು. ನಡುನಡುವೆ ಚಳಿಜ್ವರ ಬರುತ್ತಿತ್ತು. ಹತ್ತಿರದಲ್ಲೇ ಯಾರೋ ಜ್ವರದ ಮಾತ್ರೆ ಕೊಟ್ಟಿದ್ದರು, ಬಿಡುತ್ತಿತ್ತು, ಮತ್ತೆ ಬರುತ್ತಿತ್ತು.

"ಕೆಳಗೆ ಕರ್ಕೊಂಡು ಬರ್ಬಾರ್ದಿತ್ತಾ ಗೌಡ್ರೆ?" ಎಂದೆ. ಯಾವ ಬಾಯಲ್ಲಿ ಎಂದೆನೋ.

"ಕುಯ್ಲು ಶುರುವಾಯ್ತಲ್ಲ ಸಿಸ್ಟರ್. ಇದೊಂದು ಮುಗಿಸ್ಕೊಂಡು ಹೋಗಣ ಅಂತಿದ್ದೆ." ಅವರ ದನಿ ಶಾಲೆಯಲ್ಲಿ ಉತ್ತರ ಬಾರದವನ ದನಿಯಂತಿತ್ತು.

ಲಲಿತಕ್ಕ ಹೊರಡುವ ಮೊದಲು ನರ್ಸರಿಯ ಶೆಡ್ಡಿಗೆ ಹೋಗಿ ಪಕ್ಕದ ಮನೆಯವಳಿಗೆ ಯಾವ ಸಾಲಿಗೆ ಎಷ್ಟು ನೀರು ಎಂದು ತೋರಿಸಿಕೊಟ್ಟರು. ಎರಡು ಸಾಲು ದಾಟುವಷ್ಟರಲ್ಲಿ ಕಂಬ ಹಿಡಿದು ನಿಂತರು. ಜೀಪಿನಲ್ಲಿ ನಾನು ಅವರ ತಲೆಯನ್ನು ಭುಜಕ್ಕೆ ಒರಗಿಸಿಕೊಂಡೆ. ಕುದುರೆಮುಖದ ತಿರುವುಗಳಲ್ಲಿ ಗೌಡರು ಎತ್ತಿನಗಾಡಿಯಷ್ಟು ನಿಧಾನ ಓಡಿಸಿದರು. ಎದುರು ಬಂದ ಜೀಪಿನವರೆಲ್ಲ ಅವರ ಗುರುತಿನವರು, ಕೈ ಎತ್ತುತ್ತಿದ್ದರು. ಗೌಡರೂ ಪ್ರತಿಯೊಬ್ಬರಿಗೂ ಕೈ ಎತ್ತುತ್ತಿದ್ದರು.

"ವಾಪಸ್ ಯಾವಾಗ ಬರಬಹುದು ಸಿಸ್ಟರ್?" ಎಂದು ಕೇಳಿದರು ಲಲಿತಕ್ಕ.

"ಒಂದು ವಾರ, ಹತ್ತು ದಿನ," ಎಂದೆ. ಏನೂ ಗೊತ್ತಿಲ್ಲದೆ ಸಮಾಧಾನ ಹೇಳಿಬಿಡುವ ನನ್ನ ಈ ನಾಲಿಗೆಯನ್ನು ಅವತ್ತು ಕಚ್ಚಿ ತುಂಡು ಮಾಡಬೇಕಿತ್ತು.

ಆಸ್ಪತ್ರೆಯಲ್ಲಿ ಅವರ ಪಕ್ಕೆಯಿಂದ ಯಕೃತ್ತಿಗೆ ಒಂದು ಸಣ್ಣ ಕೊಳವೆ ಇಳಿಸಿ ಪಿತ್ತವನ್ನು ಹೊರಗೆ ಚೀಲಕ್ಕೆ ಬಿಟ್ಟರು. ಒಳಗೆ ಸೋಂಕಾಗಿತ್ತು. ಸೋಂಕು ಇಳಿದ ಮೇಲೆ ಕರುಳಿನ ಒಂದು ತುಂಡನ್ನು ಮೇಲಕ್ಕೆಳೆದು ಪಿತ್ತಕ್ಕೆ ಹೊಸ ದಾರಿ ಮಾಡುವ ದೊಡ್ಡ ಆಪರೇಷನ್ ಎಂದು ಗೊತ್ತಾಯಿತು. ಪ್ರಸನ್ನ ಡಾಕ್ಟರು ಎರಡನೆಯ ದಿನವೇ ಗಂಡಹೆಂಡಿರ ಎದುರು ಸ್ಟೂಲು ಹಾಕಿಕೊಂಡು ಕೂತರು.

"ಗೌಡ್ರೆ, ಇದು ನನ್ನ ಕೈಯಿಂದ ಆದ ಪೆಟ್ಟು. ಬೇಕಂತ ಆಗಿದ್ದಲ್ಲ, ಆದ್ರೆ ಆಗಿದ್ದು ನನ್ನ ಕೈಯಲ್ಲೇ. ನಿಮಗೆ ತಿಳಿದಿರಬೇಕು," ಎಂದರು.

ಗೌಡರು ಹೆಗಲ ಮೇಲಿನ ಟವೆಲನ್ನು ತೆಗೆದು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. "ಈಗ ಎಂತ ಮಾಡೂದು ಹೇಳಿ ಡಾಕ್ಟ್ರೆ," ಎಂದರು ಅಷ್ಟೇ. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಅದೇ ಗಳಿಗೆಯಲ್ಲಿ ನಾನೂ ಬಾಯಿಬಿಡಬಹುದಿತ್ತು. ಎಲ್ಲರ ಬಾಯಿ ಬಿಡಿಸುವ ಗಟ್ಟಿಗಿತ್ತಿ ತುಟಿ ಹೊಲಿದುಕೊಂಡು ನಿಂತಿದ್ದೆ.

ಸೋಂಕು ಇಳಿಯಲಿಲ್ಲ. ಒಂದು ದಿನ ಜ್ವರ ಬಿಟ್ಟರೆ ಎಲ್ಲರ ಮುಖ ಅರಳುತ್ತಿತ್ತು, ಮರುದಿನ ಹಾಸಿಗೆ ಅಲ್ಲಾಡುವಷ್ಟು ಚಳಿ. ಔಷಧಿ ಬದಲಿಸಿದರು. ಕೊಳವೆ ಬದಲಿಸಿದರು. ಬೇರೆ ಊರಿನ ದೊಡ್ಡ ಸರ್ಜನ್ನರಿಗೆ ವರದಿ ಕಳಿಸಿ ಕೇಳಿದರು, ಅವರೂ ಕಾಯಿರಿ ಎಂದರು. ಬೆಳಿಗ್ಗೆ ಪ್ರಸನ್ನ ಡಾಕ್ಟರು ಬಂದು ಮಂಚದ ಕಾಲ ಬಳಿ ನಿಂತು, ಆಗಲೇ ಓದಿ ಮುಗಿಸಿದ ಹಾಳೆಯನ್ನು ಮತ್ತೆ ಓದುತ್ತಿದ್ದರು. ಅವರ ಕೈಯಲ್ಲೂ ಏನೂ ಇರಲಿಲ್ಲ. ಮಗಳು ಕೊಪ್ಪದಿಂದ ಬಂದು ಅಮ್ಮನ ಪಕ್ಕ ಇದ್ದಳು. ನನಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಆದರೂ ವಾರಕ್ಕೆ ಎರಡು ಸಲ ಘಟ್ಟ ಇಳಿದು ಹೋಗುತ್ತಿದ್ದೆ. ಚೀಲ ಖಾಲಿ ಮಾಡುವುದು, ತುಟಿಗೆ ನೀರು ಸವರುವುದು, ಬೆನ್ನಿಗೆ ಎಣ್ಣೆ ಹಚ್ಚುವುದು, ಹೀಗೆ ಯಾರು ಬೇಕಾದರೂ ಮಾಡಬಹುದಾದ ಕೆಲಸ ಮಾಡಿ ಬರುತ್ತಿದ್ದೆ. ಮನೆಯಲ್ಲಿ ಗಂಡ, "ಇದು ನಿನ್ನ ಪ್ರಾಜೆಕ್ಟಲ್ಲಿ ಬರತ್ತಾ?" ಎಂದು ಕೇಳಿದರು. ಅವರ ಮೇಲೂ ಹಾರಾಡಿದೆ.

ಸಂಕ್ರಾಂತಿ ಕಳೆದ ಮೇಲಿನ ಗುರುವಾರ ಲಲಿತಕ್ಕ ತೀರಿಕೊಂಡರು. ಹೊಸ ದಾರಿಯ ಆಪರೇಷನ್ ಆಗಲೇ ಇಲ್ಲ. ಗೌಡರು ಅವರನ್ನು ಮೇಲೆ ಕರೆದುಕೊಂಡು ಹೋಗುವಾಗ ನಾನು ಜೊತೆಗೆ ಹೋಗಲಿಲ್ಲ. ಹೋಗಲು ಧೈರ್ಯ ಸಾಲಲಿಲ್ಲ.

ಅದಕ್ಕೆ ಮೂರು ದಿನ ಹಿಂದಿನ ಮಾತು ಇದು. ಮಧ್ಯಾಹ್ನ. ಗೌಡರು, ಮಗಳು ಇಬ್ಬರೂ ಊಟಕ್ಕೆ ಹೋಗಿದ್ದರು. ಅವತ್ತು ಜ್ವರ ಬಿಟ್ಟಿತ್ತು, ಲಲಿತಕ್ಕ ಸ್ವಲ್ಪ ಗೆಲುವಾಗಿದ್ದರು. ತಲೆ ಬಾಚಿಕೊಡಿ ಎಂದರು. ಕೂದಲು ಬಾಚುತ್ತ, ಅವರ ಮುಖ ಕಾಣದ ಕಡೆ ನಿಂತಿದ್ದರಿಂದಲೇ ಇರಬೇಕು, ನನಗೆ ಬಾಯಿ ಬಂತು.

"ಲಲಿತಕ್ಕ, ಅವತ್ತು ಮಳೇಲಿ ಬಂದಿದ್ನಲ್ಲ, ಅವತ್ತೇ ನಾನು ನಿಮ್ಮನ್ನ ಕೆಳಗೆ ಕಳಿಸ್ಬೇಕಿತ್ತು. ನಂಗೆ ಗೊತ್ತಾಗ್ಲಿಲ್ಲ. ತಪ್ಪು ನಂದು."

ಬಾಚಲು ಸುಲಭವಾಗಲೆಂದು ಅವರು ತಲೆಯನ್ನು ಸ್ವಲ್ಪ ಹಿಂದಕ್ಕೆ ಕೊಟ್ಟರು.

"ನಂಗೆ ಗೊತ್ತಾಗಿತ್ತು ಸಿಸ್ಟರ್," ಎಂದರು. "ಇದು ಆ ಮಕ್ಳ ಕಾಮಾಲೆ ಅಲ್ಲ, ಬೇರೆ ಎಂತದೋ ಅಂತ. ಮೈ ನಂದಲ್ವ, ಗೊತ್ತಾಗತ್ತೆ. ಪಥ್ಯ ಹಾಳಾದ್ರೆ ಹಾಳಾಗ್ಲಿ, ಕೆಳಗೆ ಹೋಗಿ ತೋರ್ಸಣ ಅಂತ ಹಿಂದಿನ ದಿನ ಇವ್ರ ಹತ್ರ ಜಗಳ ಮಾಡಿ ಒಪ್ಪಿಸಿದ್ದೆ. ಬೆಳಿಗ್ಗೆ ಬ್ಯಾಗಿಗೆ ಎರಡು ಸೀರೆ, ಆಸ್ಪತ್ರೆ ಚೀಟಿ ಎಲ್ಲ ತುಂಬಿ ಆಗಿತ್ತು. ಮಳೆ ಸ್ವಲ್ಪ ಬಿಡ್ಲಿ ಅಂತ ಕಾಯ್ತಿದ್ವಿ. ಅಷ್ಟೊತ್ತಿಗೆ ನೀವು ಬಂದ್ರಿ."

ಬಾಚಣಿಗೆಗೆ ಸಿಕ್ಕಿದ ಕೂದಲನ್ನು ಬಿಡಿಸಿ ತೆಗೆದೆ.

"ಇವ್ರು ನಿಮ್ಮೆದುರು ಮತ್ತೆ ಪಥ್ಯ ಮುಗೀಲಿ ಅಂದ್ರು, ಅದ್ಕೇ ತುರಿಕೆ ಎಂತಕ್ಕೆ ಅಂತ ನಿಮ್ಮನ್ನೇ ಕೇಳಿದೆ. ನೀವು ಒಳ್ಳೆ ಮದ್ದು ಅಂದ್ರಿ. ಆಸ್ಪತ್ರೆಯೋರೇ ಮನೆಗೆ ಬಂದು ನೋಡಿ ಹೇಳಿದ್ಮೇಲೆ ಇನ್ನೆಂತಕ್ಕೆ ಹೋಗೂದು ಅಂತ, ನೀವು ಆ ಕಡೆ ಹೋದ್ಮೇಲೆ ಸೀರೆ ತೆಗೆದು ಪೆಟ್ಟಿಗೇಲಿ ಇಟ್ಟೆ."

ಅವರು ಅದನ್ನು ದೂರಿನ ಹಾಗೆ ಹೇಳಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದರು. ನಾನು ಅವರ ಕಾಲು ಹಿಡಿದುಕೊಳ್ಳಬೇಕಿತ್ತು, ಜೋರಾಗಿ ಅಳಬೇಕಿತ್ತು. ಎರಡನ್ನೂ ಮಾಡಲಿಲ್ಲ.

"ಜಡೆ ಬಿಗಿಯಾಗಿ ಹಾಕಿ ಸಿಸ್ಟರ್, ಮಲಗಿದ್ರೆ ಸಿಕ್ಕಾಗತ್ತೆ," ಎಂದರು ಲಲಿತಕ್ಕ. ನಾನು ಬಿಗಿಯಾಗಿ ಜಡೆ ಹಾಕಿದೆ.